ಸೈಕಲ್ ತುಳಿದರೆ ಕಾಣುವ ಹಂಪಿ

ನೀವು ಹಂಪಿಗೆ ಹೋಗಿದ್ದೀರಾ? ಹೋಗಿದ್ದರೆ ಹೇಗೆ ಹೋದಿರಿ?

ಹೆಚ್ಚಿನವರ ಉತ್ತರ ನನಗೆ ಗೊತ್ತು. ಬೆಳಿಗ್ಗೆ ವ್ಯಾನಿನಲ್ಲೋ ಬಸ್ಸಿನಲ್ಲೋ ಬಂದು ಇಳಿದಿರಿ. ವಿರೂಪಾಕ್ಷ ಗುಡಿಯ ಗೋಪುರ, ಕಲ್ಲಿನ ರಥ, ಕಮಲ ಮಹಲ್, ಆನೆಲಾಯ ನೋಡಿದಿರಿ. ಮಕ್ಕಳ ಫೋಟೊ ತೆಗೆದಿರಿ. ಸಂಜೆ ತುಂಗಭದ್ರಾ ಡ್ಯಾಮಿನ ಉದ್ಯಾನದಲ್ಲಿ ಒಂದು ಸುತ್ತು ಹಾಕಿ ರಾತ್ರಿಯ ಬಸ್ಸು ಹಿಡಿದಿರಿ. ಮನೆಗೆ ಮರಳಿದ ಮೇಲೆ "ಹಂಪಿ ನೋಡಿ ಬಂದೆವು" ಎಂದಿರಿ. ತಪ್ಪೇನಿಲ್ಲ. ಹೊಸಪೇಟೆಯಲ್ಲೇ ಇದ್ದು ಮದ್ರಸದಲ್ಲಿ ಪಾಠ ಹೇಳುವ ನಾನೂ ಬಹಳ ವರ್ಷ ನೆಂಟರಿಷ್ಟರನ್ನು ಹೀಗೆಯೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಹಂಪಿ ನಮ್ಮ ಮನೆಯಿಂದ ಹದಿಮೂರು ಕಿಲೋಮೀಟರ್. ಆದರೆ ಆ ಹದಿಮೂರು ಕಿಲೋಮೀಟರಿನ ಮಧ್ಯೆ ಏನಿದೆಯೆಂದು ನಾನು ಕಣ್ಣು ಬಿಟ್ಟು ನೋಡಿರಲಿಲ್ಲ. ನನ್ನ ಕಿರಿಯ ಮಗಳು ಒಂದು ಪ್ರಶ್ನೆ ಕೇಳುವವರೆಗೆ.

ಒಂದು ಪ್ರಶ್ನೆ

ಅವಳಿಗೆ ಆಗ ಹದಿನಾಲ್ಕು ವರ್ಷ. ಡಿಸೆಂಬರಿನಲ್ಲಿ ಶಾಲೆಯಿಂದ ಹಂಪಿ ಪ್ರವಾಸಕ್ಕೆ ಹೋಗಿ ಬಂದಳು. ಬಂದವಳು ಊಟ ಮಾಡದೆ ಮಲಗಿದಳು. ತಾಯಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮರುದಿನ ಸುಬಹ್ ನಮಾಝ್ ಮುಗಿಸಿ ನಾನು ಚಹಾ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತು ಕೇಳಿದಳು:

"ಅಬ್ಬಾ, ಹಂಪಿಯನ್ನು ನಾವೇ ಒಡೆದದ್ದಾ?"

ಮುರಿದ ಕಲ್ಲುಗಳ ಮುಂದೆ ನಿಂತಿದ್ದಾಗ ಅವಳ ಗೆಳತಿಯೊಬ್ಬಳು, "ಇದನ್ನೆಲ್ಲ ಒಡೆದದ್ದು ನಿಮ್ಮವರೇ ಅಲ್ವಾ?" ಎಂದಿದ್ದಳಂತೆ. ಗೆಳತಿಯ ಮಾತಿನಲ್ಲಿ ದ್ವೇಷ ಇರಲಿಲ್ಲ. ಎಲ್ಲೋ ಕೇಳಿದ್ದನ್ನು ಹೇಳಿದ್ದಳು ಅಷ್ಟೆ. ಆದರೆ ಸುತ್ತ ನಿಂತಿದ್ದ ಮಕ್ಕಳೆಲ್ಲ ನನ್ನ ಮಗಳ ಮುಖ ನೋಡಿದ್ದರು.

ಓದುಗರೇ, ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? "ಇಲ್ಲ, ಸುಳ್ಳು" ಎನ್ನಬಹುದಿತ್ತು. ಅದು ನಿಜವಾಗುತ್ತಿರಲಿಲ್ಲ. "ಹೌದು" ಎನ್ನಬಹುದಿತ್ತು. ಅದೂ ಪೂರ್ತಿ ನಿಜವಾಗುತ್ತಿರಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದವನು ನಾನು. ಒಂದು ಗಂಟೆ ಉಪನ್ಯಾಸ ಕೊಡಬಹುದಿತ್ತು. ಹದಿನಾಲ್ಕರ ಹುಡುಗಿ ಉಪನ್ಯಾಸ ಕೇಳಿ ಊಟ ಮಾಡುವುದಿಲ್ಲ. ಅದಕ್ಕೆ, "ರವಿವಾರ ಸೈಕಲ್ ತೆಗೆ, ಹೋಗಿ ನೋಡಿಕೊಂಡು ಬರೋಣ" ಎಂದೆ.

ಸೈಕಲ್ ಯಾಕೆ?

ನಿಜ ಹೇಳಬೇಕೆಂದರೆ, ಆಗ ನನ್ನ ಹತ್ತಿರ ಬೇರೆ ವಾಹನ ಇರಲಿಲ್ಲ. ಸ್ಕೂಟರು ರಿಪೇರಿಗೆ ಹೋಗಿತ್ತು. ಅದರ ಮೇಲೆ ನನ್ನ ರಕ್ತದಲ್ಲಿ ಸಕ್ಕರೆ ಅಂಶ ಏರಿದೆಯೆಂದು ವೈದ್ಯರು ದಿನಾ ಬೆವರು ಹರಿಸಲು ಹೇಳಿದ್ದರು. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ದೇಹ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹೊಸಪೇಟೆಯಿಂದ ಹಂಪಿಗೆ ಸೈಕಲ್ಲಿನಲ್ಲಿ ಹೋಗಿ ಬಂದರೆ ಒಂದೇ ದಿನಕ್ಕೆ ಆ ಲೆಕ್ಕ ಚುಕ್ತಾ.

ಮಗಳು ಹತ್ತಿದ್ದು ಅವಳ ಅಕ್ಕನ ಸೈಕಲ್. ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದು ನಿಮಗೆ ನೆನಪಿರಬಹುದು. ಕೊರೋನಾ ಕಾಲದಲ್ಲಿ ಅದು ನಿಂತುಹೋಯಿತು. ಅದಕ್ಕೆ ಮೊದಲು ಹಿರಿಯವಳಿಗೆ ಸಿಕ್ಕಿದ್ದ ಸೈಕಲ್ ಮನೆಯ ಹಿಂದೆ ತುಕ್ಕು ಹಿಡಿಯುತ್ತಿತ್ತು. ಎರಡು ಟ್ಯೂಬು, ಒಂದು ಜೊತೆ ಬ್ರೇಕ್ ರಬ್ಬರು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟೆವು. ಓಡತೊಡಗಿತು.

ಬೀದಿಯಲ್ಲಿ ಒಂದಿಬ್ಬರು ಹಿರಿಯರು, "ಇಷ್ಟು ದೊಡ್ಡ ಹುಡುಗಿಯನ್ನು ಸೈಕಲ್ ಮೇಲೆ ಕಳಿಸ್ತೀರಾ ಹಝ್ರತ್?" ಎಂದು ಕೇಳಿದರು. ಕಳಿಸುತ್ತಿಲ್ಲ, ಜೊತೆಗೆ ಹೋಗುತ್ತಿದ್ದೇನೆ ಎಂದೆ. ಪ್ರವಾದಿವರ್ಯರ(ಸ) ಕಾಲದ ಮಹಿಳೆಯರು ಒಂಟೆ ಸವಾರಿ ಮಾಡುತ್ತಿದ್ದರು. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಮ್ ಮಹಿಳೆಯರೂ ಇದ್ದರು. ಸೈಕಲ್ ಬಂದ ಮೇಲೆ ನೀರು ತರಲು, ಸಂತೆಗೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಅವರು ಯಾರನ್ನೂ ಕಾಯಬೇಕಾಗಲಿಲ್ಲ. ಉಡುಪಿನ ಮರ್ಯಾದೆ, ಜೊತೆಗೆ ಮನೆಯವರು ಇದ್ದರೆ ಸೈಕಲ್ಲಿನಲ್ಲಿ ಹಿಂಜರಿಯುವಂಥದ್ದು ಏನಿದೆ?

ಇನ್ನೊಂದು ಕಾರಣ ದಾರಿಯಲ್ಲಿ ಹೋಗುವಾಗ ಹೊಳೆಯಿತು. ಕಾರಿನಲ್ಲಿ ಕುಳಿತವನಿಗೆ ಊರುಗಳು ಬೋರ್ಡುಗಳಷ್ಟೇ. ನಡೆದು ಹೋಗುವವನಿಗೆ ಒಂದು ದಿನದಲ್ಲಿ ಒಂದೇ ಊರು. ಸೈಕಲ್ಲಿನವನಿಗೆ ಹಾಗಲ್ಲ. ಅವನು ಎಲ್ಲಿ ಬೇಕಾದರೂ ಕಾಲೂರಿ ನಿಲ್ಲಬಹುದು. ಕಟ್ಟೆಯ ಮೇಲೆ ಕುಳಿತವರ ಸಲಾಮಿಗೆ ಉತ್ತರಿಸಬಹುದು. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿ ಏನಾಯಿತೆಂದು ನೋಡಬೇಕೆಂಬ ಕರೆ ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ನೋಡುತ್ತಾ ಸಂಚರಿಸಬೇಕಾದರೆ ಸೈಕಲ್ಲಿನ ವೇಗವೇ ಸರಿ ಎಂದು ನನಗನಿಸಿತು.

ಮೊದಲ ದಾರಿ: ಹಂಪಿ

ಹೊಸಪೇಟೆ ಬಿಟ್ಟ ಸ್ವಲ್ಪ ಹೊತ್ತಿಗೆ ಅನಂತಶಯನಗುಡಿ ಎಂಬ ಊರು ಬರುತ್ತದೆ. ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ದೊಡ್ಡ ದೇವಾಲಯ ಅಲ್ಲಿದೆ. ಗರ್ಭಗುಡಿಯಲ್ಲಿ ವಿಗ್ರಹ ಇಲ್ಲ. ಆದರೆ ಅದರ ಎತ್ತರದ ಕಮಾನು ಚಾವಣಿಯನ್ನು ಒಮ್ಮೆ ತಲೆಯೆತ್ತಿ ನೋಡಿ. ಕಲ್ಲಿನ ಕೆಲಸಗಾರರು ಗುಮ್ಮಟ ಕಟ್ಟುವ ವಿದ್ಯೆಯನ್ನೂ ಬಲ್ಲವರಾಗಿದ್ದರು ಎಂಬುದು ಅರ್ಥವಾಗುತ್ತದೆ.

ಅಲ್ಲಿಂದ ಮುಂದೆ ಎರಡೂ ಬದಿ ಬಾಳೆ, ಕಬ್ಬು, ಭತ್ತ. ಕಾಲುವೆಯ ನೀರು ರಸ್ತೆಯ ಜೊತೆಗೇ ಹರಿಯುತ್ತದೆ. ಈ ನೀರು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯದು ಮಾತ್ರ ಎಂದು ತಿಳಿಯಬೇಡಿ. ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಎಂದು ಕರೆಯುವ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಇಲ್ಲಿನ ಗದ್ದೆಗಳಿಗೆ ನೀರುಣಿಸುತ್ತಿವೆ. ಅರಮನೆ ಬಿತ್ತು, ಸಿಂಹಾಸನ ಹೋಯಿತು. ರೈತನಿಗಾಗಿ ತೋಡಿದ ಕಾಲುವೆ ಉಳಿಯಿತು.

ಅದೇ ರಸ್ತೆಯಲ್ಲಿ ಕಡ್ಡಿರಾಂಪುರ. ಕದಿರಾಂಪುರ ಎಂದೂ ಬರೆಯುತ್ತಾರೆ. ಅಲ್ಲಿ ಗುಮ್ಮಟವಿರುವ ಎರಡು ಹಳೆಯ ಗೋರಿಗಳಿವೆ. ನಾನು ನೂರಾರು ಸಲ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವನು. ಒಮ್ಮೆಯೂ ಇಳಿದು ನೋಡಿರಲಿಲ್ಲ. ಮಗಳು ಸೈಕಲ್ ನಿಲ್ಲಿಸಿ, "ಅಬ್ಬಾ, ಇದು ನಮ್ಮವರ ಗೋರಿ ಅಲ್ವಾ? ಇಲ್ಲಿ ಯಾಕಿದೆ?" ಎಂದಳು. ಯಾಕಿದೆ ಎಂದರೆ, ಅವರು ಇಲ್ಲೇ ಬಾಳಿ ಇಲ್ಲೇ ಸತ್ತರು ಎಂದೆ.

ಉತ್ತರದ ಮುಂದಿನ ಭಾಗ ಹಂಪಿಯಲ್ಲೇ ಇತ್ತು. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ಹಾದಿಯ ಹತ್ತಿರ, ಪ್ರವಾಸಿಗರು ಹೆಚ್ಚಾಗಿ ಕಾಲಿಡದ ಜಾಗದಲ್ಲಿ ಒಂದು ಕಲ್ಲಿನ ಮಂಟಪವಿದೆ. ದೂರದಿಂದ ನೋಡಿದರೆ ಹಂಪಿಯ ಬೇರೆ ಮಂಟಪಗಳ ಹಾಗೆಯೇ ಕಾಣುತ್ತದೆ. ಅದು ಮಸೀದಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವನು 1439ರಲ್ಲಿ ಕಟ್ಟಿಸಿದ್ದು. ಅದರ ಶಾಸನ ಅದನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ಕಟ್ಟಿಸಿದ್ದು ಯಾಕೆ? ತನ್ನ ದೊರೆಗೆ ಪುಣ್ಯ ಸಿಗಲಿ ಎಂದು! ಪಕ್ಕದಲ್ಲಿ ಗುಮ್ಮಟದ ಗೋರಿಯೂ ಇದೆ. ಈ ದೇವರಾಯ ಮುಸ್ಲಿಮ್ ಬಿಲ್ಲುಗಾರರನ್ನು, ಕುದುರೆ ಸವಾರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡಿದ್ದ. ಅವರು ನಮಸ್ಕರಿಸುವಾಗ ಮನಸ್ಸಿಗೆ ಕಸಿವಿಸಿ ಆಗದಿರಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಅದೇ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ಹೆರಾತಿನಿಂದ ಅಬ್ದುರ್ರಝಾಕ್ ಎಂಬ ರಾಯಭಾರಿ ಬಂದ. ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಘಟ್ಟ ಹತ್ತಿ ಬಂದವನು. ಈ ನಗರ ನೋಡಿ ಬೆರಗಾಗಿ ಬರೆದಿಟ್ಟ.

ಹಾಗಾದರೆ ಒಡೆದವರು ಯಾರು? ಮಗಳು ಬಿಡಲಿಲ್ಲ. ನಾನೂ ಮರೆಮಾಚಲಿಲ್ಲ. 1565ರ ಜನವರಿಯಲ್ಲಿ ರಕ್ಕಸತಂಗಡಿ ಅಥವಾ ತಾಳಿಕೋಟೆ ಕದನದಲ್ಲಿ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು ಸೇರಿ ರಾಮರಾಯನನ್ನು ಸೋಲಿಸಿದರು. ನಂತರ ನಗರ ಲೂಟಿಯಾಯಿತು, ಹಾಳಾಯಿತು. ಇದು ಸತ್ಯ. ಒಡೆದವರಲ್ಲಿ ನಮ್ಮಂಥ ಹೆಸರಿನವರು ಇದ್ದರು. ಆದರೆ ಆ ಗೋಲ್ಕೊಂಡದ ಸುಲ್ತಾನ ಇಬ್ರಾಹೀಮ್ ಕುತುಬ್ ಶಾಹ್ ಯಾರು ಗೊತ್ತೇ? ಪಟ್ಟಕ್ಕೆ ಬರುವ ಮೊದಲು ತನ್ನ ಅಣ್ಣನಿಗೆ ಹೆದರಿ ಓಡಿಬಂದು, ಏಳು ವರ್ಷ ಇದೇ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿ ಬದುಕಿದವನು. ಅದೇ ರಾಮರಾಯನ ಸೈನ್ಯದಲ್ಲಿ ಮುಸ್ಲಿಮ್ ಸರದಾರರಿದ್ದರು. ಸುಲ್ತಾನರ ಸೈನ್ಯದಲ್ಲಿ ಮರಾಠ ಸರದಾರರಿದ್ದರು. ಅದು ರಾಜ್ಯದಾಸೆಯ ಕದನ. ಅದರ ಪಾಪವನ್ನು ನಾಲ್ಕೂವರೆ ಶತಮಾನದ ನಂತರ ಎಂಟನೇ ತರಗತಿಯ ಹುಡುಗಿ ಹೊರಬೇಕಾಗಿಲ್ಲ. ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಮಗಳು ಬಹಳ ಹೊತ್ತು ಆ ಮಂಟಪದ ಮೆಟ್ಟಿಲ ಮೇಲೆ ಕುಳಿತಿದ್ದಳು. ಆಮೇಲೆ, "ಹಾಗಾದರೆ ಕಟ್ಟಿದವರಲ್ಲೂ ನಾವಿದ್ದೆವು" ಎಂದಳು. ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಎರಡನೇ ದಾರಿ: ಕಂಪ್ಲಿ

ಹಂಪಿ ಮುಗಿಸಿದವರಿಗೆ ಎರಡನೇ ದಾರಿ ಕಂಪ್ಲಿ. ಹೊಸಪೇಟೆಯಿಂದ ಕಮಲಾಪುರದ ಮೂಲಕ ಸುಮಾರು 30 ಕಿಲೋಮೀಟರ್. ನಾವು ಜನವರಿಯ ಒಂದು ರವಿವಾರ ಹೊರಟೆವು. ಕಮಲಾಪುರ ಕೆರೆಯ ಏರಿ, ಆಮೇಲೆ ಬಂಡೆಗಳ ಮೇಲೆ ಕುಳಿತಿರುವ ಮಾಲ್ಯವಂತ ಬೆಟ್ಟ, ಮುಂದೆ ಬುಕ್ಕಸಾಗರ, ರಾಮಸಾಗರ. ಹೆಸರುಗಳಲ್ಲೇ ಇತಿಹಾಸವಿದೆ. ರಸ್ತೆ ಹೆಚ್ಚು ಕಡಿಮೆ ಸಮತಟ್ಟು. ಒಂದು ಕಡೆ ಗುಂಡುಕಲ್ಲಿನ ಗುಡ್ಡ, ಇನ್ನೊಂದು ಕಡೆ ಹೊಳೆಯ ಸೀಮೆಯ ಹಸಿರು. ಗೇರ್ ಇಲ್ಲದ ಸೈಕಲ್ಲೂ ಸಾಕು.

ರಾಮಸಾಗರದ ಹತ್ತಿರ ಮಗಳ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮುಳ್ಳು ಚುಚ್ಚಿತು. ಬಳ್ಳಾರಿ ಜಾಲಿಯ ಮುಳ್ಳು ನಿಮಗೆ ಗೊತ್ತಲ್ಲ, ಟೈರಿಗೆ ಕರುಣೆ ತೋರಿಸುವುದಿಲ್ಲ. ತಳ್ಳಿಕೊಂಡು ಹೋಗುತ್ತಿದ್ದಾಗ ಹೊಲದ ಬದುವಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕರೆದರು.

"ಎಲ್ಲಿಂದ ಬಂದ್ರಿ ಸಾಬ್ರೇ? ಹೊಸಪ್ಯಾಟಿಯಿಂದ ಸೈಕಲ್ ಮ್ಯಾಲೇನ್ರಿ? ಈ ಹುಡುಗೀನೂ ತುಳಕೊಂತ ಬಂತಾ? ಬರ್ರಿ, ನೆಳ್ಳಾಗ ಕುಂದರ್ರಿ."

ಮೊಮ್ಮಗನನ್ನು ಕೂಗಿ ಪಂಕ್ಚರ್ ಸಾಮಾನು ತರಿಸಿದರು. ಹುಡುಗ ಟ್ಯೂಬು ತೆಗೆದು ನೀರಿನ ಬಕೆಟ್ಟಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಉಜ್ಜಿ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದ. ಅಷ್ಟರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಬಂತು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದಾಗ, ಕಂಪ್ಲಿಯ ಕೋಟೆ ನೋಡಲು ಎಂದೆ. ಮುದುಕರು ನಕ್ಕು ಮಗಳ ಕಡೆ ತಿರುಗಿದರು.

"ಅಲ್ಲಿ ಏನ್ ಉಳದೈತವ್ವಾ ನೋಡಾಕ? ಕುಮಾರರಾಮನ ಕತಿ ಕೇಳೀಯೇನು? ಬಹದ್ದೂರ ಅಂತ ಒಬ್ಬ ತುರುಕರ ಸರದಾರ ಇವರ ಮನಿಗೆ ಬಂದು ಬಿದ್ದ. ದಿಲ್ಲಿಯವ್ರು, ಅವನ್ನ ಕೊಡ್ರಿ ಅಂದ್ರು. ಮನಿಗೆ ಬಂದೋನ್ನ ಹ್ಯಾಂಗ ಕೊಡೂದು? ಕೊಡಲಿಲ್ಲ. ರಾಜ್ಯಾನ ಹೋತು."

ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಹೆಚ್ಚು ಕಡಿಮೆ ಇದೇ ಸಂಗತಿಯನ್ನು ನಾನು ಓದಿದ್ದು ಇಬ್ನು ಬತೂತಾನ ಪ್ರವಾಸ ಕಥನದ ಪ್ರಸ್ತಾಪದಲ್ಲಿ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕನ ಸೋದರ ಸಂಬಂಧಿ ಬಹಾಉದ್ದೀನ್ ಗರ್ಶಾಸ್ಪ್ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು ಕಂಪಿಲಿಯ ದೊರೆಯ ಆಶ್ರಯಕ್ಕೆ ಓಡಿಬಂದ. ಬೆನ್ನಟ್ಟಿ ಬಂದ ಸೈನ್ಯ ಅವನನ್ನು ಒಪ್ಪಿಸಲು ಕೇಳಿತು. ದೊರೆ ಒಪ್ಪಲಿಲ್ಲ. ಇನ್ನು ತಡೆಯಲಾಗದು ಎಂದಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಕಡೆ ಸುರಕ್ಷಿತವಾಗಿ ಕಳಿಸಿ, ತಾನು ಕಾದಾಡಿ ಸತ್ತ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಇದು ನಡೆದದ್ದು 1327ರಲ್ಲಿ. ಬಲ್ಲಾಳ ಕಂಪಿಲಿಯ ದೊರೆಯಂತೆ ಪ್ರಾಣ ಕೊಡಲಿಲ್ಲ, ಅತಿಥಿಯನ್ನು ಒಪ್ಪಿಸಿಬಿಟ್ಟ. ಇಬ್ನು ಬತೂತಾ ಕಂಪ್ಲಿಗೆ ಬಂದವನಲ್ಲ. ಆದರೆ ಸೆರೆಯಾಗಿ ದಿಲ್ಲಿಗೆ ಹೋಗಿ ಇಸ್ಲಾಮ್ ಸ್ವೀಕರಿಸಿದ್ದ ಆ ದೊರೆಯ ಮಕ್ಕಳಲ್ಲಿ ಕೆಲವರನ್ನು ಅವನು ಕಂಡಿದ್ದ. ಒಬ್ಬನ ಜೊತೆ ಅವನಿಗೆ ಗೆಳೆತನವೂ ಇತ್ತು.

ಯೋಚಿಸಿ ನೋಡಿ. ಮೊರಾಕ್ಕೊದ ಒಬ್ಬ ಮುಸ್ಲಿಮ್ ಪ್ರವಾಸಿ ಬರೆದಿಟ್ಟ ಸಂಗತಿಯನ್ನು ಸುಮಾರು ಏಳು ನೂರು ವರ್ಷದ ನಂತರ ರಾಮಸಾಗರದ ಒಬ್ಬ ರೈತ ಯಾವ ಪುಸ್ತಕವನ್ನೂ ಓದದೆ ನೆನಪಿನಿಂದ ಹೇಳುತ್ತಾನೆ. ಹೇಳುತ್ತಾ ನಮಗೆ ರೊಟ್ಟಿ ಬಡಿಸುತ್ತಾನೆ. ಪಂಕ್ಚರಿಗೆ ದುಡ್ಡು ಕೊಡಲು ಹೋದರೆ, "ನೀವು ನಮ್ಮನಿಗೆ ಬಂದೋರು" ಎಂದು ಕೈ ಹಿಂದಕ್ಕೆ ತಳ್ಳುತ್ತಾನೆ. ಕಾರಿನಲ್ಲಿ ಹೋಗಿದ್ದರೆ ಆ ಮುಳ್ಳು ಚುಚ್ಚುತ್ತಿರಲಿಲ್ಲ. ಆ ಕಥೆಯನ್ನು ನಾವು ಕೇಳುತ್ತಲೂ ಇರಲಿಲ್ಲ.

ಕಂಪ್ಲಿಯಲ್ಲಿ ಮುದುಕರು ಹೇಳಿದಂತೆ ನೋಡಲು ಹೆಚ್ಚೇನೂ ಉಳಿದಿಲ್ಲ. ಹೊಳೆಯ ದಂಡೆಯ ಹಳೆಯ ಕೋಟೆ ಪ್ರದೇಶ, ಗಂಗಾವತಿಗೆ ಹೋಗುವ ಸೇತುವೆ, ಅದರ ಕೆಳಗೆ ಬಂಡೆಗಳ ಮಧ್ಯೆ ಹರಿಯುವ ತುಂಗಭದ್ರೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗುತ್ತದೆ, ಕೋಟೆಯ ಮನೆಗಳಿಗೂ ನೀರು ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಈ ದಂಡೆಯ ಜನರೆಲ್ಲ ನಿದ್ದೆಗೆಟ್ಟು ಕುಳಿತಿದ್ದರು. ಆದ್ದರಿಂದ ಮಳೆಗಾಲದಲ್ಲಿ ಹೊರಡುವವರು ಹೊಳೆಯ ಸುದ್ದಿ ಕೇಳಿಯೇ ಹೊರಡಿ.

ಮೂರನೇ ದಾರಿ: ಸಂಡೂರು

ಮೂರನೇ ದಾರಿ ಕಷ್ಟದ್ದು. ಸಂಡೂರು ಕೂಡ ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರೇ. ಆದರೆ ಇದು ಬೆಟ್ಟದ ದಾರಿ. ಇದನ್ನು ನಾವು ಸೆಪ್ಟೆಂಬರಿಗೆಂದು ಎತ್ತಿಟ್ಟೆವು. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದಿದ್ದರೆಂದು ಇಲ್ಲಿನ ಜನ ಇಂದಿಗೂ ಹೇಳುತ್ತಾರೆ. ಮಳೆ ಬಿದ್ದ ಮೇಲೆ ಬಂದರೆ ಆ ಮಾತು ಯಾಕೆ ಹುಟ್ಟಿತೆಂದು ತಿಳಿಯುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಹುಟ್ಟಿ ಬೆಳೆದವರಿಗೆ ಮಲೆನಾಡಿಗೆ ಬಂದೆವೋ ಎಂಬ ಭ್ರಮೆಯಾಗುವಷ್ಟು ಹಸಿರು. ಸುತ್ತ ಬೆಟ್ಟದ ಗೋಡೆ, ನಡುವೆ ಕಣಿವೆ. ನಾರಿಹಳ್ಳ ಆ ಗೋಡೆಯನ್ನು ಸೀಳಿ ಹರಿಯುವ ಕಡೆ ಭೀಮಗಂಡಿ, ಓಬಳಗಂಡಿ ಎಂಬ ಇಕ್ಕಟ್ಟಾದ ಕಂದರಗಳು.

ಏರು ಬಂದಾಗ ನಾನು ಇಳಿದು ತಳ್ಳಿದೆ. ಮಗಳು ಸ್ವಲ್ಪ ದೂರ ಎದ್ದು ನಿಂತು ತುಳಿದು, ಕೊನೆಗೆ ಅವಳೂ ಇಳಿದಳು. ಇಳಿದು ತಳ್ಳುವುದರಲ್ಲಿ ಅವಮಾನವಿಲ್ಲ. ಕಾಲು ನಿಧಾನವಾದಾಗಲೇ ಕಾಡು ಕಾಣುವುದು. ಹಕ್ಕಿಯ ದನಿ, ಒದ್ದೆ ಎಲೆಯ ವಾಸನೆ, ಬಂಡೆಯ ಸಂದಿನಲ್ಲಿ ಇಳಿಯುವ ನೀರು.

ಆದರೆ ಈ ಹಸಿರಿನ ಮಧ್ಯೆ ಕೆಂಪು ಗಾಯಗಳೂ ಕಾಣುತ್ತವೆ. ಕಬ್ಬಿಣದ ಅದಿರಿಗಾಗಿ ಕಡಿದ ಬೆಟ್ಟಗಳವು. 2000ದ ದಶಕದಲ್ಲಿ ಚೀನಾದಿಂದ ಅದಿರಿಗೆ ಬೇಡಿಕೆ ಏರಿದಾಗ ಈ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಮರದ ಎಲೆ, ಮನೆಯ ಮಾಡು, ಹೊಲದ ಬೆಳೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕೆಂಪು. ಆಗ ಈ ದಾರಿಯಲ್ಲಿ ಮಗಳನ್ನು ಸೈಕಲ್ ಮೇಲೆ ಕರೆತರುವ ಮಾತು ಕನಸಿನಲ್ಲೂ ಬರುತ್ತಿರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಮಿತಿಗಳನ್ನು ಹಾಕಿ ಮತ್ತೆ ಅವಕಾಶ ಕೊಟ್ಟಿತು. ಈಗಲೂ ಅದಿರಿನ ಲಾರಿಗಳು ಓಡುತ್ತವೆ. ಕೆಲವು ಇಳಿಜಾರಿನಲ್ಲಿ ಹಸಿರು ಮರಳಿದೆ, ಕೆಲವು ಕಡೆ ಇನ್ನೂ ಇಲ್ಲ. 1565ರಲ್ಲಿ ನಗರ ಒಡೆದವರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ನಮ್ಮ ಕಣ್ಣ ಮುಂದೆಯೇ ಬೆಟ್ಟ ಒಡೆದವರ ಬಗ್ಗೆ ಎಷ್ಟು ಮಾತಾಡಿದೆವು? ಆ ದುಡ್ಡಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರ ಪಾಲೂ ಇತ್ತು ಎಂಬುದನ್ನು ಮರೆಯಬೇಡಿ.

ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 1949ರಲ್ಲಿ ಅಂದಿನ ಮದ್ರಾಸ್ ಪ್ರಾಂತದಲ್ಲಿ ವಿಲೀನವಾಗಿ, 1953ರಲ್ಲಿ ಮೈಸೂರಿಗೆ ಸೇರಿತು. ಇಲ್ಲಿನ ಅರಸರು 1930ರ ದಶಕದಲ್ಲೇ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದವರು. ಹತ್ತಿರದಲ್ಲೇ ಕೃಷ್ಣಾನಗರದ ಕೋಟೆಯಿದೆ. ಹೈದರಲಿ ಆರಂಭಿಸಿ ಟಿಪ್ಪು ಸುಲ್ತಾನ್ ಪೂರ್ತಿ ಮಾಡಿಸಿದ್ದೆಂದು ಹಳೆಯ ಗೆಝೆಟಿಯರ್ ಹೇಳುತ್ತದೆ.

ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಲಂಬಾಣಿ ಹೆಂಗಸರ ಕಸೂತಿ. ಸುಶೀಲಾನಗರದಂಥ ತಾಂಡಾಗಳ ಹೆಂಗಸರು ಬಣ್ಣದ ನೂಲು, ಕನ್ನಡಿ ಚೂರು, ಕವಡೆ ಸೇರಿಸಿ ಬಟ್ಟೆಯ ಮೇಲೆ ಹೊಲಿಯುವ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರ ಅವರಿಗೆ ಕೆಲಸ ಕೊಡುತ್ತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಇವರ ಕೈಯ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಗಣಿಯ ದುಡ್ಡು ಬಂದು ಹೋಯಿತು. ಈ ಸೂಜಿ ದಾರದ ದುಡಿಮೆ ಮನೆಗಳನ್ನು ನಡೆಸುತ್ತಿದೆ. ನಮ್ಮ ಮನೆಯ ಹೆಣ್ಣುಮಕ್ಕಳೂ ಕಲಿಯಬೇಕಾದ ಪಾಠ ಇದರಲ್ಲಿಲ್ಲವೇ?

ನೀವು ಹೊರಡುವ ಮುನ್ನ

ಓದಿ ಪುಟ ಮಗುಚಿದರೆ ಸಾಲದು, ಒಮ್ಮೆ ಬನ್ನಿ. ದೂರದ ಊರಿನವರು ಸೈಕಲ್ ಹೊತ್ತು ತರಬೇಕಾಗಿಲ್ಲ. ಹಂಪಿಯಲ್ಲಿ ದಿನದ ಬಾಡಿಗೆಗೆ ಸೈಕಲ್ ಸಿಗುತ್ತದೆ. ತೆಗೆದುಕೊಳ್ಳುವ ಮುನ್ನ ಬ್ರೇಕು, ಗಾಳಿ, ಸೀಟಿನ ಎತ್ತರ ನೋಡಿಕೊಳ್ಳಿ. ಕೆಲವು ಮಾತು ಮಾತ್ರ ನೆನಪಿಡಿ.

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಸಂಡೂರಿಗೆ ಸೆಪ್ಟೆಂಬರ್. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆಗ ಬೇಡವೇ ಬೇಡ.

ಫಜ್ರ್ ಮುಗಿಸಿ ಬೆಳಕು ಹರಿದ ಮೇಲೆ ಹೊರಡಿ, ಹತ್ತೂವರೆಯೊಳಗೆ ನೆರಳು ಸೇರಿ. ಮಧ್ಯಾಹ್ನ ಊಟ, ಝುಹ್‌ರ್, ಸ್ವಲ್ಪ ವಿಶ್ರಾಂತಿ. ಬಿಸಿಲು ಇಳಿದ ಮೇಲೆ ಮರಳಿ. ಮಗ್ರಿಬ್‌ಗೆ ಮೊದಲು ಊರು ಸೇರಲೇಬೇಕು. ಕಮಲಾಪುರದ ಆಚೆ 1994ರಲ್ಲಿ ಘೋಷಿಸಿದ ದರೋಜಿ ಕರಡಿಧಾಮವಿದೆ. ಕರಡಿ, ಚಿರತೆಗಳು ಸಂಜೆಗತ್ತಲಲ್ಲೂ ಮುಂಜಾವಿನಲ್ಲೂ ಗುಡ್ಡ ಬಿಟ್ಟು ಇಳಿಯುತ್ತವೆ.

ಬಳ್ಳಾರಿ ಹೆದ್ದಾರಿಯಲ್ಲಿ ಸೈಕಲ್ ಬೇಡ. ಸಂಡೂರು ರಸ್ತೆಯಲ್ಲಿ ಲಾರಿ ಬಂದರೆ ಬದಿಗೆ ಇಳಿದು ನಿಲ್ಲಿ. ಮೊದಲು ಹೋಗುವವರು ಮಕ್ಕಳಾಗಲಿ, ಹಿರಿಯರು ಹಿಂದೆ ಬರಲಿ. ಆಗ ಮಕ್ಕಳು ಸದಾ ಕಣ್ಣ ಮುಂದಿರುತ್ತಾರೆ.

ಒಬ್ಬರಿಗೆ ಎರಡು ಲೀಟರ್ ನೀರು, ಸ್ವಲ್ಪ ಬೆಲ್ಲ, ಒಂದು ಪಂಪು, ಪಂಕ್ಚರ್ ಸಾಮಾನು. ಹೆಣ್ಣುಮಕ್ಕಳು ದುಪಟ್ಟಾದ ತುದಿಯನ್ನು ಪಿನ್ನು ಹಾಕಿ ಒಳಗೆ ಸಿಕ್ಕಿಸಿಕೊಳ್ಳಲಿ. ಅದು ಚೈನಿಗೆ ಸಿಕ್ಕರೆ ಅಪಾಯ. ಸಕ್ಕರೆ ಕಾಯಿಲೆಯವರು ಮಾತ್ರೆ ತಿಂದು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಹೊಸಪೇಟೆಯ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ರುಚಿಯಾಗಿರುತ್ತದೆ, ಆದರೆ ಅದನ್ನು ಮರಳಿ ಬಂದ ಮೇಲೆ ತಿನ್ನಿ.

ಕೊನೆಗೆ ಒಂದು ಮಾತು

ಸಂಡೂರಿನಿಂದ ಬಂದ ಮರುವಾರ ಮಗಳು ಇನ್ನೊಂದು ಮಾತು ಕೇಳಿದಳು. "ಅಬ್ಬಾ, ಅವಳನ್ನೂ ಕರೆದುಕೊಂಡು ಹೋಗೋಣವಾ?" ಅವಳು ಅಂದರೆ, ಹಂಪಿಯಲ್ಲಿ ಆ ಮಾತು ಆಡಿದ ಗೆಳತಿ. ನಾನು ಆ ಹುಡುಗಿಯ ತಂದೆಯನ್ನು ಭೇಟಿಯಾಗಿ ವಿಷಯ ಹೇಳಿದೆ. ಮಗಳಿಗೆ ಆದ ನೋವಿನ ವಿಷಯ ಅಲ್ಲ, ಸೈಕಲ್ಲಿನ ವಿಷಯ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಾನೂ ಬರ್ತೀನಿ ಮೇಷ್ಟ್ರೇ, ನನಗೂ ಹೊಟ್ಟೆ ಬಂದೈತಿ" ಎಂದು ನಕ್ಕರು.

ಅಕ್ಟೋಬರಿನ ಒಂದು ರವಿವಾರ ನಾಲ್ಕು ಸೈಕಲ್ ಹೊರಟವು. ಹುಡುಗಿಯರಿಬ್ಬರೂ ಮುಂದೆ, ನಾವಿಬ್ಬರು ಏದುಸಿರು ಬಿಡುತ್ತಾ ಹಿಂದೆ. ಕಡ್ಡಿರಾಂಪುರದ ಗೋರಿಗಳನ್ನು, ಅಹ್ಮದ್ ಖಾನನ ಧರ್ಮಸಾಲೆಯನ್ನು ತೋರಿಸಿದ್ದು ನಾನಲ್ಲ, ನನ್ನ ಮಗಳು. ವಿರೂಪಾಕ್ಷ ಗುಡಿಯ ಮುಂದೆ ಬಂದಾಗ ಅಲ್ಲಿನ ವಿಷಯ ಹೇಳಿದವಳು ಆ ಗೆಳತಿ. ಮಗಳು ಗಮನವಿಟ್ಟು ಕೇಳಿದಳು. ಇಬ್ಬರೂ ಒಂದೇ ಎಳನೀರಿಗೆ ಎರಡು ಕೊಳವೆ ಹಾಕಿ ಕುಡಿದರು.

ಆ ಹಳೆಯ ಮಾತು ಅವರ ಮಧ್ಯೆ ಮತ್ತೆ ಬಂತೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ.

ನಿಮ್ಮ ಮನೆಯಲ್ಲೂ ಇಂತಹ ಪ್ರಶ್ನೆ ಹೊತ್ತು ಶಾಲೆಯಿಂದ ಬರುವ ಮಕ್ಕಳಿರಬಹುದು. ಅವರಿಗೆ ಕೋಪವನ್ನು ಕಲಿಸಬೇಡಿ, ನಾಚಿಕೆಯನ್ನೂ ಕಲಿಸಬೇಡಿ. ಊರು ತೋರಿಸಿ. ಅದಕ್ಕೆ ಹಂಪಿಯೇ ಬೇಕೆಂದಿಲ್ಲ. ನಿಮ್ಮ ಊರಿನ ಸುತ್ತಲೂ ಒಂದು ಹಳೆಯ ಕೆರೆ, ಒಂದು ಗುಡಿ, ಒಂದು ದರ್ಗಾ, ಕಥೆ ಹೇಳುವ ಒಬ್ಬ ಮುದುಕ ಖಂಡಿತ ಇದ್ದಾರೆ. ಮನೆಯ ಹಿಂದೆ ತುಕ್ಕು ಹಿಡಿದು ನಿಂತಿರುವ ಸೈಕಲ್ಲಿಗೆ ಈ ರವಿವಾರವೇ ಗಾಳಿ ಹೊಡೆಸಿ.